ಹಿರಿಯರ ನಡಿಗೆ ಅಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಯಸ್ಸಾದ ಮೇಲೆ ನಡಿಗೆ ನಿಧಾನವಾಗುವುದು ಸಹಜವಲ್ಲವೇ? ಅದನ್ನೇಕೆ ಅಳೆಯಬೇಕು?

ನಿಧಾನವಾಗುವುದು ಸಹಜವೇ. ಆದರೆ ಎಷ್ಟು ನಿಧಾನವಾಗಿದೆ, ಎಷ್ಟು ಬೇಗ ಆಗಿದೆ ಎಂಬುದು ಅಳೆಯದೆ ತಿಳಿಯುವುದಿಲ್ಲ. ದಿನವೂ ಜೊತೆಗಿರುವವರ ಕಣ್ಣಿಗೆ ಈ ಬದಲಾವಣೆ ಬೀಳುವುದೇ ಕಷ್ಟ. ದಸರಾ ರಜೆಗೆ ಬಂದ ಮಗಳು "ಅಮ್ಮ ಯಾಕೆ ಗೋಡೆ ಹಿಡ್ಕೊಂಡು ಓಡಾಡ್ತಿದ್ದಾಳೆ?" ಎಂದು ಕೇಳಿದಾಗಲೇ ಮನೆಯವರು ಗಮನಿಸುವುದು.

ನಾಲ್ಕು ಹೆಜ್ಜೆ ಇಡಬೇಕಾದರೂ ಹೃದಯ, ಶ್ವಾಸಕೋಶ, ಮೆದುಳು, ನರ, ಸ್ನಾಯು, ಕೀಲು, ಕಣ್ಣು, ಒಳಗಿವಿ ಎಲ್ಲವೂ ಒಟ್ಟಿಗೆ ಕೆಲಸ ಮಾಡಬೇಕು. ಇವುಗಳಲ್ಲಿ ಯಾವುದು ಕೈಕೊಟ್ಟರೂ ವೇಗ ಕುಸಿಯುತ್ತದೆ. 34,000ಕ್ಕೂ ಹೆಚ್ಚು ಹಿರಿಯರ ಮಾಹಿತಿ ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ನಡಿಗೆಯ ವೇಗಕ್ಕೂ ಮುಂದಿನ ಆಯುಸ್ಸಿಗೂ ಸಂಬಂಧವಿರುವುದನ್ನು ತೋರಿಸಿತು. ನಮ್ಮ ದೇಶದಲ್ಲೂ 2017-18ರಲ್ಲಿ ನಡೆದ ಹಿರಿಯರ ರಾಷ್ಟ್ರೀಯ ಸಮೀಕ್ಷೆಯ ಮೊದಲ ಸುತ್ತಿನಲ್ಲಿ 60 ದಾಟಿದವರನ್ನು 4 ಮೀಟರ್ ನಡೆಸಿ ಸಮಯ ಬರೆದುಕೊಳ್ಳಲಾಗಿತ್ತು. ರಕ್ತದೊತ್ತಡದ ಹಾಗೆಯೇ ಇದೂ ಬರೆದಿಡಬೇಕಾದ ಅಂಕಿ. ದುರದೃಷ್ಟವೆಂದರೆ ಬಹುತೇಕ ಫೈಲುಗಳಲ್ಲಿ ಅದು ಇರುವುದೇ ಇಲ್ಲ.

ಮನೆಯಲ್ಲೇ ಮಾಡಬಹುದಾದ ಸರಳ ಪರೀಕ್ಷೆ ಯಾವುದು?

4 ಮೀಟರ್ ನಡಿಗೆ. ಬೇಕಾಗುವುದು ಅಳತೆ ಟೇಪು, ನೆಲಕ್ಕೆ ಅಂಟಿಸಲು ಬಣ್ಣದ ಟೇಪು, ಒಂದು ಮೊಬೈಲು.

ನೆಲದ ಮೇಲೆ ಎರಡು ಗೆರೆ ಹಾಕಿ, ಮಧ್ಯೆ ಸರಿಯಾಗಿ 4 ಮೀಟರ್ ಇರಲಿ. ಎರಡನೇ ಗೆರೆಯ ಆಚೆ ಕನಿಷ್ಠ 1 ಮೀಟರ್ ಖಾಲಿ ಜಾಗ ಬೇಕು. ಅಲ್ಲಿ ಗೋಡೆಯೋ ಸೋಫಾವೋ ಇದ್ದರೆ ಗೆರೆ ಮುಟ್ಟುವ ಮೊದಲೇ ಕಾಲು ನಿಧಾನವಾಗುತ್ತದೆ. ಕಾಲೊರೆಸುವ ಚಾಪೆ, ವೈರು, ಮೊಮ್ಮಕ್ಕಳ ಆಟಿಕೆ ತೆಗೆಯಿರಿ. ಹಾಲ್ ಚಿಕ್ಕದಿದ್ದರೆ ವೆರಾಂಡಾ ಆಗಬಹುದು, ಒಣಗಿದ ತಾರಸಿ ಆಗಬಹುದು.

ಮೊದಲ ಗೆರೆಗೆ ಹೆಬ್ಬೆರಳು ತಾಗಿಸಿ ನಿಲ್ಲಿಸಿ. "ಅಂಗಡಿಗೆ ಹೋಗುವಾಗ ಹೇಗೆ ನಡೀತೀರೋ ಹಾಗೇ ನಡೀರಿ, ಆ ಗೆರೆ ದಾಟಿ ಮುಂದೆ ಹೋಗಿ ನಿಲ್ಲಿ" ಎನ್ನಿ. "ಜೋರಾಗಿ", "ಬೇಗ" ಎಂಬ ಮಾತು ಬೇಡ. ಮೊದಲ ಪಾದ ಎದ್ದ ಕೂಡಲೇ ಸಮಯ ಶುರು, ಎರಡನೇ ಗೆರೆಯನ್ನು ಒಂದು ಪಾದ ಪೂರ್ತಿ ದಾಟಿದಾಗ ನಿಲ್ಲಿಸಿ. ಎರಡು ಸಲ ಮಾಡಿಸಿ, ಕಡಿಮೆ ಸಮಯ ಬಂದದ್ದನ್ನು ಬರೆದುಕೊಳ್ಳಿ. ನೀವು ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ ನಡೆಯಿರಿ. ಮುಂದೆ ನಡೆದರೆ ಅವರು ನಿಮ್ಮ ವೇಗಕ್ಕೆ ಹೊಂದಿಕೊಳ್ಳುತ್ತಾರೆ.

4ನ್ನು ಸೆಕೆಂಡಿನಿಂದ ಭಾಗಿಸಿದರೆ ವೇಗ ಸಿಕ್ಕಿತು. 5 ಸೆಕೆಂಡ್ ಬಂದರೆ ಸೆಕೆಂಡಿಗೆ 0.8 ಮೀಟರ್, 5.7 ಬಂದರೆ 0.7.

ಎಷ್ಟು ಬಂದರೆ ಚಿಂತಿಸಬೇಕು?

ಏಷ್ಯಾದ ತಜ್ಞರ ಗುಂಪು ಸ್ನಾಯು ಕ್ಷಯದ ಬಗ್ಗೆ 2019ರಲ್ಲಿ ಕೊಟ್ಟ ಮಾನದಂಡದಲ್ಲಿ ಸೆಕೆಂಡಿಗೆ 1.0 ಮೀಟರ್‌ಗಿಂತ ಕಡಿಮೆಯಾದರೆ 'ಕುಗ್ಗಿದೆ' ಎಂದು ಲೆಕ್ಕ. ಅವರದು 6 ಮೀಟರ್ ದೂರದ ನಡಿಗೆ. ಯುರೋಪಿನ ತಜ್ಞರು 0.8 ಅಥವಾ ಅದಕ್ಕಿಂತ ಕಡಿಮೆ ಎನ್ನುತ್ತಾರೆ. ಎರಡನ್ನೂ ಹೀಗೆ ಬಳಸಬಹುದು: 1.0 ಮೇಲಿದ್ದರೆ ಸದ್ಯಕ್ಕೆ ಸರಿ, 0.8ರಿಂದ 1.0ರ ಮಧ್ಯೆ ಇದ್ದರೆ ಗಮನ ಇರಲಿ, 0.8ಕ್ಕಿಂತ ಕೆಳಗಿದ್ದರೆ ಕಾರಣ ಹುಡುಕಲೇಬೇಕು. ಅಂದಹಾಗೆ, ಅನೇಕ ದೇಶಗಳಲ್ಲಿ ರಸ್ತೆ ದಾಟುವ ಸಿಗ್ನಲ್‌ನ ಸಮಯವನ್ನು ಸೆಕೆಂಡಿಗೆ 1.2 ಮೀಟರ್ ಲೆಕ್ಕದಲ್ಲಿ ಇಡುವುದು ರೂಢಿ. 0.8ರಲ್ಲಿ ನಡೆಯುವ ಅಜ್ಜಿ ಅಷ್ಟರೊಳಗೆ ಆ ಬದಿ ಮುಟ್ಟುವುದಿಲ್ಲ.

ಈ ಗಡಿಗಳಿಗಿಂತಲೂ ಮುಖ್ಯವಾದದ್ದು ಅದೇ ವ್ಯಕ್ತಿಯ ಹಿಂದಿನ ಅಂಕಿ. 0.05ರಷ್ಟು ಬದಲಾವಣೆ ಚಿಕ್ಕದಾದರೂ ಅರ್ಥವುಳ್ಳದ್ದು, 0.1ರಷ್ಟು ಇಳಿದರೆ ಅದು ದೊಡ್ಡ ಇಳಿಕೆ. ಹೋದ ವರ್ಷ 1.2 ಇದ್ದು ಈಗ 1.0ಕ್ಕೆ ಬಂದವರನ್ನು, ಐದು ವರ್ಷದಿಂದ 0.85ರಲ್ಲೇ ಇರುವವರಿಗಿಂತ ಮೊದಲು ವೈದ್ಯರಿಗೆ ತೋರಿಸಿ.

ಅದೇ ವಾರ ಎರಡು ಸಲ ಅಳೆದರೆ ಬೇರೆ ಬೇರೆ ಅಂಕಿ ಬರುತ್ತದೆ. ಯಾಕೆ?

ಹೆಚ್ಚಿನ ಸಲ ತಪ್ಪು ಕಾಲಿನದಲ್ಲ, ಹೆಬ್ಬೆರಳಿನದು. 4 ಮೀಟರ್ ಚಿಕ್ಕ ದೂರ. ನಿಜವಾದ ಸಮಯ 5 ಸೆಕೆಂಡ್ ಇದ್ದಾಗ ಮೊಬೈಲ್ ಒತ್ತುವುದು ಅರ್ಧ ಸೆಕೆಂಡ್ ಆಚೀಚೆ ಆದರೆ ವೇಗ 0.73 ಎಂದೂ ತೋರಬಹುದು, 0.89 ಎಂದೂ ತೋರಬಹುದು. ಮೇಲೆ ಹೇಳಿದ 'ದೊಡ್ಡ ಇಳಿಕೆ'ಯಷ್ಟೇ ಅಂತರ ಬರೀ ಒತ್ತುವ ತಪ್ಪಿನಿಂದ ಬಂದುಬಿಡುತ್ತದೆ. ಇದಕ್ಕೆ ಸುಲಭ ಪರಿಹಾರ: ಎರಡೂ ಗೆರೆ, ಪಾದ ಕಾಣುವಂತೆ ಮೊಬೈಲನ್ನು ಸ್ಟೂಲಿನ ಮೇಲಿಟ್ಟು ವಿಡಿಯೊ ಮಾಡಿ, ಆಮೇಲೆ ನಿಲ್ಲಿಸಿ ನಿಲ್ಲಿಸಿ ನೋಡಿ ಸಮಯ ಬರೆದುಕೊಳ್ಳಿ. ವಿಡಿಯೊ ವೈದ್ಯರಿಗೂ ಉಪಯೋಗಕ್ಕೆ ಬರುತ್ತದೆ.

ಉಳಿದ ಕಾರಣಗಳು: ಒಮ್ಮೆ ಬರಿಗಾಲು, ಇನ್ನೊಮ್ಮೆ ಹವಾಯಿ ಚಪ್ಪಲಿ, ಒಮ್ಮೆ ಬೆಳಿಗ್ಗೆ ಕೀಲು ಬಿಗಿದಿರುವಾಗ, ಇನ್ನೊಮ್ಮೆ ಸಂಜೆ, ನೋವಿನ ಮಾತ್ರೆ ನುಂಗುವ ಮುಂಚೆ ಮತ್ತು ನಂತರ, ಒಮ್ಮೆ ನಿಂತಲ್ಲಿಂದ, ಇನ್ನೊಮ್ಮೆ ಎರಡು ಹೆಜ್ಜೆ ಹಿಂದಿನಿಂದ ನಡೆದು ಬಂದು. ಸೀರೆಯ ನೆರಿಗೆ, ಪಂಚೆಯ ತುದಿ ಕಾಲಿಗೆ ತೊಡರುತ್ತಿದ್ದರೆ ಮೇಲೆತ್ತಿ ಸಿಕ್ಕಿಸಿಕೊಳ್ಳಲು ಹೇಳಿ. ಹೇಗೆ ಮಾಡಿಸಿದಿರೋ ಅದನ್ನೂ ಅಂಕಿಯ ಪಕ್ಕದಲ್ಲಿ ಬರೆಯಿರಿ: "ಬರಿಗಾಲು, ಬೆಳಿಗ್ಗೆ 11, ಕೋಲಿಲ್ಲ, ನಿಂತಲ್ಲಿಂದ".

ಕೋಲು ಅಥವಾ ವಾಕರ್ ಹಿಡಿಯುವವರನ್ನು ಅಳೆಯಬಹುದೇ?

ಅಳೆಯಬಹುದು. ದಿನವೂ ಬಳಸುವುದನ್ನು ಹಿಡಿದೇ ನಡೆಯಲಿ, ಏನು ಹಿಡಿದಿದ್ದರು ಎಂದು ಬರೆಯಿರಿ. ಇನ್ನೊಬ್ಬರ ಕೈ ಹಿಡಿದು ನಡೆದದ್ದು ಲೆಕ್ಕಕ್ಕಿಲ್ಲ.

ಕುರ್ಚಿಯಿಂದ ಏಳಿಸುವ ಪರೀಕ್ಷೆ ಏನನ್ನು ತೋರಿಸುತ್ತದೆ?

ತೊಡೆ ಮತ್ತು ಸೊಂಟದ ಸ್ನಾಯುಗಳ ಬಲವನ್ನು. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಸೀಟು ನೆಲದಿಂದ ಸುಮಾರು 43 ಸೆಂಟಿಮೀಟರ್ ಎತ್ತರ ಇರಬೇಕು. ಪ್ಲಾಸ್ಟಿಕ್ ಕುರ್ಚಿ ಬೇಡ, ಅದು ಬಾಗುತ್ತದೆ, ನುಣುಪಾದ ನೆಲದಲ್ಲಿ ಜಾರುತ್ತದೆ. ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಂಡು ಮೊದಲು ಒಂದು ಸಲ ಏಳಲು ಹೇಳಿ. ಅದಾದರೆ ಮಾತ್ರ ಮುಂದೆ: ಐದು ಸಲ, ಆದಷ್ಟು ಬೇಗ, ಪ್ರತಿ ಸಲವೂ ಪೂರ್ತಿ ನೆಟ್ಟಗೆ ನಿಂತು ಪೂರ್ತಿ ಕೂರಬೇಕು. ಐದನೇ ಸಲ ನೆಟ್ಟಗೆ ನಿಂತ ಕ್ಷಣಕ್ಕೆ ಸಮಯ ನಿಲ್ಲಿಸಿ. ಕೂತ ಮೇಲೆ ನಿಲ್ಲಿಸುವವರೂ ಇದ್ದಾರೆ. ಎರಡನ್ನೂ ಬೆರೆಸಬೇಡಿ.

ಏಷ್ಯಾದ ಮಾನದಂಡದಲ್ಲಿ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬಲ ಕುಗ್ಗಿದೆ. ಯುರೋಪಿನವರದು 15 ಸೆಕೆಂಡಿಗಿಂತ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಹಿರಿಯರ ಆರೈಕೆಗಾಗಿ 2019ರಲ್ಲಿ ಕೊಟ್ಟ ಕೈಪಿಡಿ 14 ಸೆಕೆಂಡಿನೊಳಗೆ ಐದು ಸಲ ಎದ್ದರೇ ಎಂದಷ್ಟೇ ಕೇಳುತ್ತದೆ. ಆಗದಿದ್ದರೆ ಮುಂದಿನ ಪರೀಕ್ಷೆಗೆ ಕಳಿಸು ಎನ್ನುತ್ತದೆ. ಆಶಾ ಕಾರ್ಯಕರ್ತೆಯರಿಗೂ ಮನೆಯವರಿಗೂ ಇದೇ ಅನುಕೂಲ.

ಸೆಕೆಂಡಿನ ಜೊತೆಗೆ ಏಳುವ ರೀತಿಯನ್ನೂ ನೋಡಿ. ತೊಡೆಯ ಮೇಲೆ ಅಂಗೈ ಊರಿ ತಳ್ಳಿಕೊಳ್ಳುತ್ತಾರೆಯೇ? ಮುಂದೆ ಹಿಂದೆ ಎರಡು ಸಲ ತೂಗಾಡಿ ಆ ರಭಸದಲ್ಲಿ ಏಳುತ್ತಾರೆಯೇ? ಒಂದು ಕಾಲನ್ನು ಮುಂದೆ ಚಾಚಿ ಇನ್ನೊಂದರ ಮೇಲೆಯೇ ಭಾರ ಹಾಕುತ್ತಾರೆಯೇ? ಕೊನೆಯದು ಹೆಚ್ಚಾಗಿ ಚಾಚಿದ ಕಾಲಿನ ಮಂಡಿ ಅಥವಾ ಸೊಂಟದ ಕೀಲಿನ ನೋವು. ಮೊದಲ ಎರಡು, ತೊಡೆಯ ಬಲ ಸಾಲದು ಎಂಬುದಕ್ಕೆ ಗುರುತು.

'ಎದ್ದು ನಡೆದು ಬಂದು ಕೂರುವ' ಪರೀಕ್ಷೆ ಎಂದರೆ?

1991ರಿಂದ ಬಳಕೆಯಲ್ಲಿರುವ ಇದಕ್ಕೆ ಆಸ್ಪತ್ರೆಗಳಲ್ಲಿ ಟಿಯುಜಿ ಎನ್ನುತ್ತಾರೆ. ಕೈಯಿರುವ ಕುರ್ಚಿಯಲ್ಲಿ ಒರಗಿ ಕೂತವರು ಎದ್ದು, 3 ಮೀಟರ್ ನಡೆದು, ತಿರುಗಿ, ವಾಪಸು ಬಂದು ಕೂರಬೇಕು, ತಮ್ಮ ಮಾಮೂಲಿ ವೇಗದಲ್ಲೇ. 12 ಸೆಕೆಂಡ್ ಅಥವಾ ಹೆಚ್ಚಾದರೆ ಬೀಳುವ ಸಂಭವ ಹೆಚ್ಚು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಲೆಕ್ಕ.

ಇಲ್ಲಿ ನೋಡಬೇಕಾದದ್ದು ತಿರುಗುವ ಜಾಗ. ಗಟ್ಟಿಮುಟ್ಟಾದವರು ಎರಡು ಮೂರು ಹೆಜ್ಜೆಯಲ್ಲಿ ತಿರುಗಿಬಿಡುತ್ತಾರೆ. ಆರೇಳು ಪುಟ್ಟ ಹೆಜ್ಜೆ ಇಟ್ಟು, ತಲೆ ಮೈ ಎರಡೂ ಒಂದೇ ಕಂಬದ ಹಾಗೆ ತಿರುಗಿದರೆ ಪಾರ್ಕಿನ್‌ಸನ್ ಕಾಯಿಲೆಯ ಬಗ್ಗೆ ಯೋಚಿಸಬೇಕು. ಕುರ್ಚಿ ಇನ್ನೂ ಮೊಣಕಾಲ ಹಿಂಭಾಗಕ್ಕೆ ತಾಗುವ ಮುಂಚೆಯೇ ಧೊಪ್ಪನೆ ಕೂರುವವರು ಮನೆಯಲ್ಲಿ ಮಂಚದ ಅಂಚಿನಿಂದ ಜಾರಿ ಬೀಳುವವರು. ಆದರೆ ಚಟುವಟಿಕೆಯಿಂದಿರುವ ಹಿರಿಯರಲ್ಲಿ ಈ ಒಂದೇ ಪರೀಕ್ಷೆ ನೋಡಿ "ಇವರು ಬೀಳುವುದಿಲ್ಲ" ಎಂದು ಹೇಳಲಾಗದು. ಹೋದ ಒಂದು ವರ್ಷದಲ್ಲಿ ಬಿದ್ದಿದ್ದೀರಾ ಎಂಬ ಪ್ರಶ್ನೆ ಅದಕ್ಕಿಂತ ಹೆಚ್ಚು ಹೇಳುತ್ತದೆ.

ಸಮತೋಲನ ನೋಡುವುದು ಹೇಗೆ?

ಮೂರು ಭಂಗಿ, ಒಂದೊಂದೂ 10 ಸೆಕೆಂಡ್. ಮೊದಲು ಎರಡೂ ಪಾದ ಜೋಡಿಸಿ. ಆಮೇಲೆ ಒಂದು ಪಾದದ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿನ ಪಕ್ಕಕ್ಕೆ ತಾಗುವಂತೆ. ಕೊನೆಗೆ ಒಂದರ ಹಿಂದೆ ಒಂದು, ಹಿಮ್ಮಡಿಗೆ ಬೆರಳು ತಾಗುವಂತೆ. ಅಡುಗೆಮನೆಯ ಕಟ್ಟೆಯ ಪಕ್ಕ ನಿಲ್ಲಿಸಿ, ನೀವು ಇನ್ನೊಂದು ಪಕ್ಕ ನಿಲ್ಲಿ. ಒಂದು ಭಂಗಿ ಆಗದಿದ್ದರೆ ಮುಂದಿನದಕ್ಕೆ ಹೋಗಬೇಡಿ.

ಎಲ್ಲ ಸೇರಿಸಿ 12 ಅಂಕ ಕೊಡುತ್ತಾರಂತಲ್ಲ?

ಹೌದು, ಅದಕ್ಕೆ ಎಸ್‌ಪಿಪಿಬಿ ಎಂದು ಹೆಸರು, 1994ರಲ್ಲಿ ಬಂದದ್ದು. ಸಮತೋಲನ, 4 ಮೀಟರ್ ನಡಿಗೆ, ಐದು ಸಲ ಏಳುವುದು, ಮೂರಕ್ಕೂ 4ರಂತೆ ಅಂಕ. ನಡಿಗೆಗೆ: 4.82 ಸೆಕೆಂಡಿಗಿಂತ ಕಡಿಮೆಯಾದರೆ 4, 6.20ರವರೆಗೆ 3, 8.70ರವರೆಗೆ 2, ಅದಕ್ಕಿಂತ ಹೆಚ್ಚಾದರೆ 1. ಏಳುವುದಕ್ಕೆ: 11.19ರವರೆಗೆ 4, 13.69ರವರೆಗೆ 3, 16.69ರವರೆಗೆ 2, 60 ಸೆಕೆಂಡಿನವರೆಗೆ 1, ಆಗದಿದ್ದರೆ 0. ಸಮತೋಲನದಲ್ಲಿ ಮೊದಲ ಎರಡು ಭಂಗಿಗೆ 1ರಂತೆ. ಮೂರನೆಯದರಲ್ಲಿ 10 ಸೆಕೆಂಡ್ ನಿಂತರೆ 2, 3 ಅಥವಾ ಹೆಚ್ಚು ನಿಂತರೆ 1. ಒಟ್ಟು 9 ಅಥವಾ ಕಡಿಮೆ ಬಂದರೆ ಏಷ್ಯಾದ ಮಾನದಂಡದಲ್ಲಿ ಸಾಮರ್ಥ್ಯ ಕುಗ್ಗಿದೆ ಎಂದರ್ಥ. ಹಿಂದಿನದಕ್ಕಿಂತ 1 ಅಂಕ ಇಳಿದರೂ ಅದು ಗಣನೀಯ.

ನಮ್ಮವರು ನೆಲದ ಮೇಲೆ ಕೂರುವವರು. ಅದನ್ನು ಈ ಪರೀಕ್ಷೆಗಳು ನೋಡುವುದಿಲ್ಲವಲ್ಲ?

ನೋಡುವುದಿಲ್ಲ, ಇದು ನಿಜವಾದ ಕೊರತೆ. ಕುರ್ಚಿ, ಕಮೋಡು, ಸಮತಟ್ಟಾದ ಹಾದಿ ಇರುವ ಬದುಕಿಗೆ ಹೊಂದುವಂತೆ ಇವನ್ನು ಮಾಡಿದ್ದಾರೆ. ಕುರ್ಚಿ ಪರೀಕ್ಷೆಯಲ್ಲಿ ಸರಿಯಾಗಿರುವ ಅಜ್ಜಿಗೆ ದೇವರಮನೆಯ ಮಣೆಯಿಂದ ಏಳಲಾಗದೆ ಇರಬಹುದು. ಹಾಗಾಗಿ ಐದು ವಿಷಯ ಪ್ರತ್ಯೇಕವಾಗಿ ಕೇಳಿ ಬರೆದುಕೊಳ್ಳಿ: ಚಕ್ಕಳಮಕ್ಕಳ ಹಾಕಿ ಕೂತು ಏನೂ ಹಿಡಿಯದೆ ಏಳುತ್ತಾರೆಯೇ; ಕುಕ್ಕರಗಾಲಲ್ಲಿ ಕೂರುವ ಕಕ್ಕಸು ಬಳಸುತ್ತಾರೆಯೇ, ನಲ್ಲಿ ಹಿಡಿದು ಏಳುತ್ತಾರೆಯೇ; ಎತ್ತರದ ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟು ಹಿಡಿಯುತ್ತಾರೆಯೇ; ಬಸ್ಸಿನ ಮೆಟ್ಟಿಲು ಹತ್ತುತ್ತಾರೆಯೇ; ತುಂಬಿದ ಬಿಂದಿಗೆ ಹಿಡಿದು ನಡೆಯುತ್ತಾರೆಯೇ.

ಇವುಗಳಲ್ಲಿ ಯಾವುದನ್ನು ಯಾವಾಗ ಬಿಟ್ಟರು ಎಂಬುದೇ ಒಳ್ಳೆಯ ದಾಖಲೆ. "ಮಾಡ್ತೀನಿ" ಎಂದವರನ್ನು "ಹೋದ ವಾರ ಮಾಡಿದ್ರಾ?" ಎಂದು ಕೇಳಿ. ದೇವಸ್ಥಾನಕ್ಕೆ ಹೋಗುವುದು ಬಿಟ್ಟದ್ದಕ್ಕೆ ಬಿಸಿಲು, ಜನಜಂಗುಳಿ ಎಂದು ಕಾರಣ ಹೇಳುವವರಲ್ಲಿ ಅನೇಕರಿಗೆ ಕಷ್ಟವಾಗಿರುವುದು ಮೆಟ್ಟಿಲು.

ನಡಿಗೆ ನೋಡಿಯೇ ಕಾರಣ ಊಹಿಸಬಹುದೇ?

ಸ್ವಲ್ಪ ಮಟ್ಟಿಗೆ. ಒಂದು ಕೈ ಬೀಸದೆ, ಪಾದ ಎಳೆದುಕೊಂಡು, ಮುಂದಕ್ಕೆ ಬಾಗಿ ನಡೆದರೆ ಪಾರ್ಕಿನ್‌ಸನ್. ಪಾದ ನೆಲಕ್ಕೆ ಅಂಟಿಕೊಂಡಂತೆ ನಡೆಯುವವರಿಗೆ ಮರೆವೂ ಮೂತ್ರದ ಹಿಡಿತ ತಪ್ಪುವುದೂ ಜೊತೆಗೂಡಿದರೆ ಮೆದುಳಿನಲ್ಲಿ ನೀರು ತುಂಬಿರಬಹುದು. ಇದಕ್ಕೆ ಶಸ್ತ್ರಚಿಕಿತ್ಸೆ ಇದೆ, ಆದ್ದರಿಂದ ತಡಮಾಡಬಾರದು. ಸ್ವಲ್ಪ ದೂರಕ್ಕೆ ಕಾಲು ಸೋತು, ಮುಂದೆ ಬಾಗಿದರೆ ಅಥವಾ ಕೂತರೆ ಮಾತ್ರ ಸರಿಹೋದರೆ ಬೆನ್ನುಹುರಿಯ ಹಾದಿ ಕಿರಿದಾಗಿರಬಹುದು. ಮೀನಖಂಡ ಹಿಡಿದುಕೊಂಡು, ಸುಮ್ಮನೆ ನಿಂತರೆ ಸಾಕು ಬಿಡುತ್ತದೆ ಎಂದರೆ ರಕ್ತನಾಳದ ತೊಂದರೆ.

ಮುಖ ತೊಳೆಯಲು ಕಣ್ಣು ಮುಚ್ಚಿದೊಡನೆ ತೂರಾಡುವವರು, ಚಪ್ಪಲಿ ಕಾಲಿಂದ ಜಾರಿಹೋದದ್ದು ಗೊತ್ತಾಗದವರು: ಇವರಿಗೆ ಪಾದದ ಸ್ಪರ್ಶಜ್ಞಾನ ಕುಗ್ಗಿದೆ. ಸಕ್ಕರೆ ಕಾಯಿಲೆ, ಬಿ12 ಕೊರತೆ ಎರಡನ್ನೂ ನೋಡಿಸಿ. ಸಸ್ಯಾಹಾರಿಗಳಲ್ಲಿ, ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗುವುದು ಹೆಚ್ಚು. ಬಾತುಕೋಳಿಯಂತೆ ಆಚೀಚೆ ತೂಗಿ ನಡೆಯುವ, ನೆಲದಿಂದ ಏಳಲು ಒದ್ದಾಡುವ, ಮನೆಯಿಂದ ಹೊರಗೇ ಬರದವರಲ್ಲಿ ವಿಟಮಿನ್ ಡಿ ಕೊರತೆ ನೆನಪಿರಲಿ.

ಮಾತ್ರೆಗಳಿಂದಲೂ ನಡಿಗೆ ಕೆಡುತ್ತದೆಯೇ?

ಕೆಡುತ್ತದೆ. ಬಹಳ ಜನ ಹುಡುಕದೆ ಬಿಡುವ ಕಾರಣವೂ ಇದೇ. ತಲೆಸುತ್ತಿಗೆಂದು ಒಂದು ವಾರಕ್ಕೆ ಬರೆದುಕೊಟ್ಟ ಸಿನ್ನಾರಿಜಿನ್ ಅಥವಾ ಪ್ರೋಕ್ಲೋರ್‌ಪೆರಜಿನ್ ಮಾತ್ರೆಯನ್ನು ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ತರಿಸಿ ನುಂಗುವವರಿದ್ದಾರೆ. ಗ್ಯಾಸ್ಟ್ರಿಕ್ ಎಂದು ಕೊಡುವ ಕೆಲವು ಕ್ಯಾಪ್ಸೂಲ್‌ಗಳಲ್ಲಿ ಆಮ್ಲ ತಗ್ಗಿಸುವ ಔಷಧದ ಜೊತೆ ಲೆವೊಸಲ್ಪಿರೈಡ್ ಸೇರಿರುತ್ತದೆ. ಇವೆಲ್ಲ ಪಾರ್ಕಿನ್‌ಸನ್‌ನಂಥ ನಡಿಗೆಯನ್ನೇ ತರಬಲ್ಲವು. ಬಿಟ್ಟ ಮೇಲೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಆದರೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ನಿದ್ದೆಯ ಮಾತ್ರೆ ಬೆಳಗಿನ ಜಾವದ ತೂರಾಟಕ್ಕೆ ಕಾರಣ. ಆದರೆ ಅದನ್ನು ಒಮ್ಮೆಲೇ ನಿಲ್ಲಿಸಬಾರದು, ವೈದ್ಯರು ಹಂತಹಂತವಾಗಿ ಇಳಿಸಬೇಕು.

ಬಿಪಿ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ಎದ್ದು ನಿಂತಾಗ ರಕ್ತದೊತ್ತಡ ಇಳಿಸಬಹುದು. ಪರೀಕ್ಷಿಸುವುದು ಸುಲಭ: 5 ನಿಮಿಷ ಮಲಗಿಸಿ ಬಿಪಿ ನೋಡಿ, ನಿಂತ ಮೇಲೆ 1ನೇ ನಿಮಿಷಕ್ಕೆ, 3ನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಿ. ಕೂರಿಸಿ ಮಾತ್ರ ನೋಡಿದರೆ ಇದು ಸಿಗುವುದಿಲ್ಲ.

ಮೊನ್ನೆಯವರೆಗೆ ನಡೆಯುತ್ತಿದ್ದವರು ಈಗ ಏಳುತ್ತಲೇ ಇಲ್ಲ. ಪರೀಕ್ಷೆ ಮಾಡಬೇಕೇ?

ಬೇಡ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಂಟೆಗಳಲ್ಲಿ ಒಂದು ಬದಿ ಸೋತರೆ, ಮಾತು ತೊದಲಿದರೆ ಪಾರ್ಶ್ವವಾಯು. ಕಾಲಿನ ಬಲ ಕುಸಿಯುವುದರ ಜೊತೆ ಮೂತ್ರವೂ ಕಟ್ಟಿಕೊಂಡರೆ ಬೆನ್ನುಹುರಿ ಅಥವಾ ಅದರ ನರಗಳು ಒತ್ತಿಕೊಂಡಿರಬಹುದು. ಇವೆರಡರಲ್ಲೂ ತಡ ಮಾಡಿದಷ್ಟೂ ನಷ್ಟ. ದಿನ ಎರಡು ದಿನದಲ್ಲಿ ಆದರೆ ಮೂತ್ರದ ಸೋಂಕು, ನ್ಯುಮೋನಿಯಾ ನೋಡಬೇಕು. ಹಿರಿಯರಲ್ಲಿ ಜ್ವರವಿಲ್ಲದೆ ಬರೀ "ಕಾಲು ಬರ್ತಿಲ್ಲ" ಎಂಬುದೇ ಲಕ್ಷಣವಾಗಿರುತ್ತದೆ. ತಲೆಗೆ ಚಿಕ್ಕ ಪೆಟ್ಟು ಬಿದ್ದು ಮರೆತುಹೋದ ಕೆಲ ವಾರಗಳ ನಂತರ ನಡಿಗೆ ಕೆಟ್ಟರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ, ತಲೆಯ ಸ್ಕ್ಯಾನ್ ಆಗಲೇಬೇಕು. ಬಿದ್ದ ಮೇಲೆ ತೊಡೆಸಂದಿಯಲ್ಲಿ ನೋವಿದ್ದರೆ ಕಾಲೂರಿ ನಡೆಯುತ್ತಿದ್ದರೂ ಎಕ್ಸ್‌ರೇ ಮಾಡಿಸಿ. ಮುರಿದ ಮೂಳೆಯ ತುದಿಗಳು ಒಂದರೊಳಗೊಂದು ಸಿಕ್ಕಿಕೊಂಡಾಗ ಕೆಲವರು ಹಾಗೇ ನಡೆಯುತ್ತಾರೆ.

ಮಾತನಾಡುತ್ತಾ ನಡೆಯಲು ಆಗುವುದಿಲ್ಲ, ನಿಂತುಬಿಡುತ್ತಾರೆ. ಇದು ಮುಖ್ಯವೇ?

ಮುಖ್ಯ. ನಡಿಗೆಗೇ ಗಮನವೆಲ್ಲ ಬೇಕಾಗಿದೆ ಎಂದು ಅದರರ್ಥ. ಇಂಥವರು ಬೀಳುವುದು ಹೆಚ್ಚು ಎಂದು 1997ರಷ್ಟು ಹಿಂದೆಯೇ ಗಮನಿಸಲಾಗಿದೆ. ನಡೆಯುವಾಗ 100ರಿಂದ ಮೂರು ಮೂರು ಕಳೆಯುತ್ತಾ ಹೋಗಲು ಹೇಳಿ. ಲೆಕ್ಕ ಒಗ್ಗದಿದ್ದರೆ ತರಕಾರಿಗಳ ಹೆಸರು ಹೇಳಲಿ. ವೇಗ ತುಂಬಾ ಕುಸಿದರೆ ನೆನಪಿನ ಶಕ್ತಿಯನ್ನೂ ಪರೀಕ್ಷಿಸುವುದು ಒಳ್ಳೆಯದು.

ಕುಸಿದ ನಡಿಗೆ ಮತ್ತೆ ಸುಧಾರಿಸುತ್ತದೆಯೇ?

ಕಾರಣ ಸಿಕ್ಕರೆ ಅದಕ್ಕೆ ಚಿಕಿತ್ಸೆ. ಸಿಗದಿದ್ದರೂ ಬಲ ಹೆಚ್ಚಿಸಲು 80ರಲ್ಲೂ ಅವಕಾಶವಿದೆ. ಬರೀ ವಾಕಿಂಗ್ ಸಾಲದು. ವಾರಕ್ಕೆ ಕನಿಷ್ಠ 3 ದಿನ ಬಲ ಮತ್ತು ಸಮತೋಲನದ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಕುರ್ಚಿಯಿಂದ ಎದ್ದು ಕೂರುವುದನ್ನೇ ದಿನಕ್ಕೆ ಎರಡು ಹೊತ್ತು, ಒಂದೊಂದು ಹೊತ್ತು 5ರಿಂದ 10 ಸಲ ಮಾಡಿಸಿ. ಆಗದಿದ್ದರೆ ಸೀಟಿನ ಮೇಲೆ ಗಟ್ಟಿ ದಿಂಬಿಟ್ಟು ಎತ್ತರಿಸಿ, ಎರಡು ವಾರಕ್ಕೊಮ್ಮೆ ಎತ್ತರ ಇಳಿಸುತ್ತಾ ಬನ್ನಿ. ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಪಕ್ಕಕ್ಕೆ ಹೆಜ್ಜೆ ಇಡುವುದು ಸೇರಿಸಿ. ತಟ್ಟೆಯಲ್ಲಿ ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಹೆಚ್ಚಲಿ. ಬರೀ ಗಂಜಿ, ಬ್ರೆಡ್ಡು ಸ್ನಾಯು ಕಟ್ಟುವುದಿಲ್ಲ. ಮೂತ್ರಪಿಂಡದ ತೊಂದರೆ ಇದ್ದವರು ಪ್ರೋಟೀನ್ ಪ್ರಮಾಣವನ್ನು ವೈದ್ಯರಲ್ಲಿ ಕೇಳಬೇಕು. ಮೂರು ತಿಂಗಳಿಗೊಮ್ಮೆ ಅಳೆದರೆ ಸಾಕು. ದಿನಾ ಅಳೆದರೆ ಮನೆಯಲ್ಲಿ ಜಗಳವಾಗುತ್ತದೆ ಅಷ್ಟೇ.

ಕೋಲು ಯಾವ ಕೈಯಲ್ಲಿ, ಎಷ್ಟು ಎತ್ತರ?

ನೋಯುವ ಕಾಲಿನ ಎದುರು ಕೈಯಲ್ಲಿ. ಬಲಮಂಡಿ ನೋವಿದ್ದರೆ ಎಡಗೈ. ಕೋಲೂ ನೋಯುವ ಕಾಲೂ ಒಟ್ಟಿಗೆ ಮುಂದೆ ಹೋಗಬೇಕು. ದಿನವೂ ಹಾಕುವ ಚಪ್ಪಲಿ ಹಾಕಿ, ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆ ಎಲ್ಲಿದೆಯೋ ಅಲ್ಲಿಗೆ ಹಿಡಿ ಬರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋಯುವ ಕಾಲು ಮೊದಲು. ತುದಿಯ ರಬ್ಬರ್ ಬೂಚು ಸವೆದು ನುಣುಪಾದರೆ ಬದಲಿಸಿ. ಒದ್ದೆ ನೆಲದಲ್ಲಿ ಸವೆದ ಬೂಚಿನ ಕೋಲು ಇಲ್ಲದಿರುವುದೇ ವಾಸಿ.

ಸರ್ಕಾರದಿಂದ ಕೋಲು, ವಾಕರ್ ಸಿಗುತ್ತದೆಯೇ?

2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ದಾಟಿದ ಬಡ ಹಿರಿಯರಿಗೆ ಕೋಲು, ಊರುಗೋಲು, ವಾಕರ್, ಗಾಲಿಕುರ್ಚಿ ಮುಂತಾದವನ್ನು ಶಿಬಿರಗಳ ಮೂಲಕ ಉಚಿತವಾಗಿ ಕೊಡುತ್ತಾರೆ. ನಿಮ್ಮ ಜಿಲ್ಲೆಯ ಶಿಬಿರದ ಬಗ್ಗೆ ಹಿರಿಯ ನಾಗರಿಕರ ಸಹಾಯವಾಣಿ 14567ರಲ್ಲಿ ವಿಚಾರಿಸಬಹುದು. ತಂದ ದಿನವೇ ಗುಂಡಿ ಒತ್ತಿ ಎತ್ತರ ಹೊಂದಿಸಿ, ಗುಂಡಿ ತೂತಿನಲ್ಲಿ ಪೂರ್ತಿ ಹೊರಬಂದಿದೆಯೇ ಎಂದು ಬೆರಳಿಟ್ಟು ನೋಡಿ. ವಾಕರ್ ಆದರೆ ನಾಲ್ಕು ಕಾಲೂ ಒಂದೇ ತೂತಿನ ಮಟ್ಟದಲ್ಲಿರಬೇಕು.